ನಮ್ಮ ಬೇಲಿಗೆ ಬೇಡವೆಂದ ಬೋರ್ಡು

ಪರದೇಶದಲ್ಲಿ ನಾವಿರುವ ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಹಿತ್ತಲು ಮುಗಿಯುವಲ್ಲಿ ತಂತಿ ಬೇಲಿ, ಅದರಾಚೆ ಗುಡ್ಡ, ಗುಡ್ಡದ ತುಂಬ ಕರಿ ದನಗಳು. ಮನೆ ಕೊಳ್ಳುವಾಗ ನಾನು ಅಡುಗೆಮನೆಯನ್ನೂ ಸರಿಯಾಗಿ ನೋಡಲಿಲ್ಲ, ಆ ದನ ನೋಡಿಯೇ ಹೂಂ ಅಂದೆ. ಅವು ಮಾಂಸಕ್ಕೆಂದು ಸಾಕಿದವು ಎಂದು ಆಮೇಲೆ ತಿಳಿಯಿತು. ಎರಡು ದಿನ ಊಟ ಸೇರಲಿಲ್ಲ. ಶುಕ್ರವಾರ ದೇವರಿಗೆ ನೈವೇದ್ಯ ಇಟ್ಟವಳೇ ಒಂದು ಬಾಳೆಹಣ್ಣು, ಬೆಲ್ಲ ಬೆರೆಸಿದ ಒಂದು ಹಿಡಿ ಅನ್ನ ತೆಗೆದುಕೊಂಡು ಬೇಲಿಯ ಹತ್ತಿರ ಹೋದೆ. ಮೈಸೂರಿನಲ್ಲಿ ನಮ್ಮಮ್ಮ ಹಬ್ಬ, ಶುಕ್ರವಾರಗಳಲ್ಲಿ ಗೋಗ್ರಾಸ ಕೊಡದೆ ಊಟಕ್ಕೆ ಕೂತವಳಲ್ಲ. ಒಂದು ಹಸು ಬಂದು ತಿಂದಿತು. ಮುಂದಿನ ಶುಕ್ರವಾರ ನಾನು ಹೋಗುವ ಮೊದಲೇ ಅದು ಕರುವಿನೊಂದಿಗೆ ಬಂದು ಕಾಯುತ್ತಿತ್ತು. ನನ್ನ ಜಂಬ ಕೇಳಬೇಕೆ! ಕಟುಕರ ಕೈಯಲ್ಲಿರುವ ಹಸುವಿಗೆ ನಾನೊಬ್ಬಳೇ ದಿಕ್ಕು ಎಂದುಕೊಂಡೆ.

ದನಗಳ ಒಡತಿ ಅರವತ್ತು ದಾಟಿದ ಹೆಂಗಸು. ಒಮ್ಮೆ ಬೇಲಿ ಬಿಗಿಯಲು ಬಂದಿದ್ದಳು. ಊರ ಪಕ್ಕದಲ್ಲೇ ಯಾಕೆ ಇದನ್ನೆಲ್ಲ ಸಾಕುತ್ತೀರಿ ಎಂದು ಕೇಳಿದೆ. ನನ್ನ ಮಾತಿನ ಕೊಂಕು ಆಕೆಗೆ ತಟ್ಟಲೇ ಇಲ್ಲ. ಸಂತೋಷವಾಗಿ ಹೇಳತೊಡಗಿದಳು. ಇಳಿಜಾರು, ಜೇಡಿಮಣ್ಣು, ಉಳಲು ಬಾರದ ನೆಲ, ಆದರೆ ಹುಲ್ಲಿಗೆ ಹೇಳಿ ಮಾಡಿಸಿದ್ದು. ಮಳೆ ಚಳಿಗಾಲದಲ್ಲೇ ಬರುವುದರಿಂದ ಜನವರಿಯಲ್ಲೂ ಹಸಿರು. ಹಿಮ ಬೀಳದ್ದರಿಂದ ಕೊಟ್ಟಿಗೆ ಬೇಡ. ಮಳೆನೀರು ನಿಲ್ಲುವ ಹೊಂಡಗಳಿವೆ. ಬೇಸಿಗೆಗೆ ಹುಲ್ಲು ಒಣಗುವ ಹೊತ್ತಿಗೆ ದನಗಳು ಅದನ್ನು ಮೇಯ್ದು ಇಳಿಸಿರುವುದರಿಂದ ಬೆಂಕಿ ಬಿದ್ದರೂ ನಿಮ್ಮ ಮನೆಗಳ ತನಕ ಸುಲಭವಾಗಿ ಬರುವುದಿಲ್ಲ ಎಂದಳು. ಕೊನೆಗೆ ಬೇಲಿಯ ಮೇಲೆ ಕೈ ಇಟ್ಟು, "ಇಷ್ಟೆಲ್ಲ ಇದ್ರೂ ಬೇಲಿ ಪಕ್ಕದ ಮನೆ ಜನ ಒಳ್ಳೆಯವರಿರ್ಬೇಕು," ಎಂದಳು. ನಾನು ತಲೆಯಾಡಿಸಿದೆ.

ಆ ಜನವರಿಯಲ್ಲಿ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಐವತ್ತು ಜನಕ್ಕೆ ಅಡುಗೆ ಹೇಳಿದ್ದೆವು, ಬಂದವರು ಮೂವತ್ತು. ಮರುದಿನ ಭಾನುವಾರ ಬೆಳಿಗ್ಗೆ ನೋಡಿದರೆ ಎರಡು ದೊಡ್ಡ ಟ್ರೇ ಅನ್ನ, ಒಂದು ಟ್ರೇ ಸಿಹಿ ಪೊಂಗಲ್ ಹಾಗೇ ಉಳಿದಿದೆ. ಫ್ರಿಜ್ಜಿನಲ್ಲಿ ಜಾಗವಿಲ್ಲ. ದೇವರ ಪ್ರಸಾದವನ್ನು ಕಸಕ್ಕೆ ಹಾಕುವುದುಂಟೆ? ಮೂರನ್ನೂ ಬೇಲಿಯಾಚೆ ಸುರಿದೆ. ನಮ್ಮ ಹಸು ಒಂದಗುಳೂ ಬಿಡದೆ ತಿಂದಿತು. ಹನ್ನೆರಡು ವರ್ಷದ ಮಗಳು ನನ್ನ ಪಕ್ಕದಲ್ಲಿ ನಿಂತು ವಿಡಿಯೋ ಮಾಡಿದಳು.

ಸೋಮವಾರ ಬೆಳಿಗ್ಗೆ ಒಡತಿ ಬಾಗಿಲು ತಟ್ಟಿದಳು. ಮೊಣಕಾಲಿನವರೆಗೆ ಕೆಸರು, ಕಣ್ಣು ಕೆಂಪಾಗಿತ್ತು. ಒಂದು ಹಸು ಹೊಟ್ಟೆ ಉಬ್ಬಿ ಬಿದ್ದಿದೆ, ಏಳುತ್ತಿಲ್ಲ. ಏನು ತಿಂದಿದೆ ಎಂದು ತಿಳಿದರೆ ಡಾಕ್ಟರಿಗೆ ಔಷಧಿ ಕೊಡಲು ದಾರಿಯಾಗುತ್ತದೆ. ಯಾರಾದರೂ ಬೇಲಿಯಾಚೆ ಏನಾದರೂ ಹಾಕಿದ್ದನ್ನು ನೋಡಿದ್ದೀರಾ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಆಕೆಯೇ ಸೇರಿಸಿದಳು: "ನಿಮ್ಮನ್ನ ಅನುಮಾನಿಸ್ತಿಲ್ಲ. ನಿಮ್ಮ ಜನಕ್ಕೆ ಹಸು ತಾಯಿ ಥರ ಅಂತ ಗೊತ್ತು."

ಅಷ್ಟು ದೊಡ್ಡ ಮಾತು ಕೇಳಿದ ಮೇಲೆ ನಾನೇ ಹಾಕಿದೆ ಎನ್ನುವುದು ಹೇಗೆ?

"ಇಲ್ಲ," ಎಂದೆ. "ನಾನೇನೂ ನೋಡಿಲ್ಲ."

ಆಕೆ ಫೋನ್ ನಂಬರಿನ ಚೀಟಿ ಕೊಟ್ಟು ಹೋದಳು. ಹಿಂದಿನಿಂದ ಮಗಳು, "ಅಮ್ಮಾ, ಯು ಹ್ಯಾವ್ ಟು ಟೆಲ್ ಹರ್," ಎಂದಳು. ಸ್ಕೂಲಿಗೆ ಹೊತ್ತಾಯಿತು ನಡಿ ಎಂದು ಗದರಿದೆ. ಗಂಡನಿಗೆ ಫೋನ್ ಮಾಡಿದರೆ, ಸುಮ್ಮನಿರು, ಕೇಸು ಗೀಸು ಹಾಕಿಬಿಟ್ಟಾರು ಎಂದರು. ಆ ಮಾತು ಆಗ ನನಗೆ ಎಷ್ಟು ಹಿತವಾಗಿತ್ತು, ಥೂ! ಫೋನಿನಲ್ಲಿ ಹುಡುಕಿದೆ. ಹುಲ್ಲು ತಿನ್ನುವ ದನಕ್ಕೆ ಒಮ್ಮೆಗೇ ರಾಶಿ ಅನ್ನ ಹಾಕಿದರೆ ಹೊಟ್ಟೆಯೊಳಗೆ ಹುಳಿಯೆದ್ದು ವಿಷವಾಗುತ್ತದಂತೆ. ಬೇಗ ತಿಳಿದರೆ ಉಳಿಸಬಹುದಂತೆ. ಚೀಟಿ ಕೈಯಲ್ಲೇ ಇತ್ತು. ಮಧ್ಯಾಹ್ನದವರೆಗೂ ಕೈಯಲ್ಲೇ ಇತ್ತು. ಅಷ್ಟರಲ್ಲಿ ಗುಡ್ಡಕ್ಕೆ ಟ್ರ್ಯಾಕ್ಟರು ಬಂತು. ಒಡತಿ ಸತ್ತ ಹಸುವಿನ ಕುತ್ತಿಗೆ ಸವರುತ್ತ ಕೆಸರಿನಲ್ಲಿ ಕೂತಿದ್ದಳು. ಕಟುಕರು ಎಂದಿದ್ದೆನಲ್ಲ ನಾನು.

ಮುಂದಿನ ವಾರ ಆಕೆ ಸಾಲಾಗಿ ಎಲ್ಲ ಮನೆಗಳ ಹಿಂದಿನ ಬೇಲಿಗೂ ಬೋರ್ಡು ಕಟ್ಟುತ್ತ ಬಂದಳು: ದನಗಳಿಗೆ ಏನೂ ಹಾಕಬೇಡಿ. ನಮ್ಮ ಹಿತ್ತಲ ಹತ್ತಿರ ಬಂದಾಗ ನನ್ನನ್ನು ಕಂಡು ನಕ್ಕು, "ನಿಮಗೆ ಬೇಡ ಬಿಡಿ," ಎಂದು ಪಕ್ಕದ ಮನೆಯ ಬೇಲಿಗೆ ಹೋದಳು. ನಾನೂ ನಕ್ಕೆ.

ಶುಕ್ರವಾರ ಕರು ಒಂಟಿಯಾಗಿ ಬೇಲಿಯ ಹತ್ತಿರ ಬಂದು ಕೂಗಿತು. ಪರದೆ ಎಳೆಯಲು ಹೋದಾಗ ಕಂಡಿತು. ಮಗಳು ರಟ್ಟಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಒಡತಿಯ ಬೋರ್ಡಿನ ಮಾತನ್ನೇ ಬರೆದು ನಮ್ಮ ಬೇಲಿಗೂ ಕಟ್ಟಿದ್ದಳು, ಅಡುಗೆಮನೆಯ ಕಿಟಕಿಯಿಂದ ಕಾಣುವ ಹಾಗೆ. ನಾನು ಅದನ್ನು ಬಿಚ್ಚಿಲ್ಲ. ಒಡತಿಗೆ ಇವತ್ತಿಗೂ ಹೇಳಿಲ್ಲ.