ಹಿಂದಿನ ಎಡಗಡೆಯ ದನಿ

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಪಕ್ಕದ ಕೋಣೆಯ ಫ್ಯಾನು ಗೊರಗುಟ್ಟಿದರೆ ಯಾವ ರೆಕ್ಕೆ ಸಡಿಲವಾಗಿದೆ ಎಂದು ಕೂತಲ್ಲೇ ಹೇಳುತ್ತಾನೆ ಎಂಬುದು ಅಲ್ಲಿನ ತಮಾಷೆ. ಆ ಹೆಸರಿಗೆ ಅವನು ಒಳಗೊಳಗೇ ಉಬ್ಬುತ್ತಿದ್ದ. ಬುಧವಾರದಿಂದ ಈಚೆಗೆ ಅದು ಬೈಗುಳದಂತೆ ಕೇಳಿಸತೊಡಗಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ತಾನೇ ಮಿಕ್ಸ್ ಮಾಡಿದ್ದ ಹಾಡುಗಳನ್ನು ಅವನೀಗ ಸರೌಂಡ್‌ಗೆ ಕೂರಿಸುತ್ತಿದ್ದ. ಎರಡೇ ಸ್ಪೀಕರಿನ ಹಳೆಯ ಮಿಕ್ಸಿಂಗ್ ಎಂದರೆ ಇಬ್ಬರ ಬೆಂಚಿನ ಮೇಲೆ ಹತ್ತು ಜನ ಕೂತಂತೆ; ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಒಂದು ಕೇಳಿಸಬೇಕಾದರೆ ಇನ್ನೊಂದರ ಮೈ ಕೆತ್ತಬೇಕು. ಈಗ ಸುತ್ತಲೂ ಐದು ಸ್ಪೀಕರುಗಳು. ಪಿಟೀಲು ತನ್ನ ಜಾಗದಲ್ಲಿ, ತಬಲಾ ತನ್ನ ಜಾಗದಲ್ಲಿ. ಯಾರನ್ನೂ ಕೆತ್ತಬೇಕಿಲ್ಲ, ಯಾರೂ ಕಿರುಚಬೇಕಿಲ್ಲ. ಹಾಡುವವರು ಉಸಿರೆಳೆದುಕೊಂಡದ್ದೂ ಕೇಳುತ್ತದೆ.

ಮೂರನೆಯ ಹಾಡಿಗೆ ಹಿಮ್ಮೇಳ ಹಾಡಿದ್ದವಳು ಅವನ ಅಕ್ಕ. ಹಾರ್ಮೋನಿಯಂ ನುಡಿಸಿದ್ದವನು ಅವನೇ. ಅಂದು ಎರಡೂ ನಟ್ಟನಡುವೆ ಒತ್ತಿಕೊಂಡು ಏನೋ ಕರಕರ ಎಂದಿತ್ತು. "ಅಕ್ಕಾ, ನಿನ್ನ ಶ್ರುತಿ ಇಳೀತಿದೆ" ಎಂದು ಎಲ್ಲರೆದುರೇ ಹೇಳಿ, ಅವಳ ದನಿಯನ್ನು ಕೇಳಿಯೂ ಕೇಳದಷ್ಟು ತಗ್ಗಿಸಿಬಿಟ್ಟಿದ್ದ. ಒಂದು ಗುಂಡಿ ಒತ್ತಿದ್ದರೆ ಹಾರ್ಮೋನಿಯಂ ಸುಮ್ಮನಾಗಿ, ನಿಜ ಗೊತ್ತಾಗುತ್ತಿತ್ತು. ಒತ್ತಿರಲಿಲ್ಲ. ಅಕ್ಕ ಮತ್ತೆ ಹಾಡಲಿಲ್ಲ. ಹೊಲಿಗೆ ಅಂಗಡಿ ಹಿಡಿದಳು.

ಬುಧವಾರ ಅವಳ ದನಿಯನ್ನು ಹಿಂದಿನ ಎಡಗಡೆಯ ಸ್ಪೀಕರಿಗೆ, ಪಿಟೀಲಿನ ಪಕ್ಕಕ್ಕೆ ಸರಿಸಿದ. ಪಿಟೀಲಿನ ಶ್ರುತಿಗೆ ಅದು ಎಳೆ ಹಿಡಿದಷ್ಟು ನೇರವಾಗಿತ್ತು. ಮುಂದೆ ಒಂಟಿಯಾಗಿ ಉಳಿದ ಹಾರ್ಮೋನಿಯಂ ಮಾತ್ರ ಶ್ರುತಿಗಿಂತ ಕೂದಲೆಳೆಯಷ್ಟು ಮೇಲೆ ಕೂಗುತ್ತಿತ್ತು.

ಮೂರು ದಿನ ಅವನು ಆ ಹಾಡನ್ನೇ ಮತ್ತೆ ಮತ್ತೆ ಹಚ್ಚಿ ಕೇಳಿದ. ನಾಲ್ಕನೆಯ ದಿನ ಅಕ್ಕನಿಗೆ ಫೋನು ಮಾಡಿ ಕರೆದ.

ಅಕ್ಕ ಅಳತೆಯ ಟೇಪು ಕೊರಳಲ್ಲಿದ್ದಂತೆಯೇ ಬಂದಳು. "ಎರಡು ರವಿಕೆ ಅರ್ಧಕ್ಕೆ ಬಿಟ್ಟು ಬಂದಿದೀನಿ. ಬೇಗ ಹೇಳು, ಏನು ತಲೆ ಹೋಗೋ ಕೆಲಸ?"

ನಡುವಿನ ಕುರ್ಚಿಯಲ್ಲಿ ಕೂರಿಸಿ ಹಾಡು ಹಚ್ಚಿದ. ಅವಳು ತಟ್ಟನೆ ಹಿಂದಕ್ಕೆ ತಿರುಗಿದಳು.

"ಯಾರೋ ಅದು? ಚೆನ್ನಾಗಿ ಹಾಡ್ತಿದಾಳೆ."

"ನೀನೇ."

ಅವಳು ನಕ್ಕಳು. "ಹೋಗೋ. ಮಷೀನಲ್ಲಿ ತಿದ್ದಿರ್ತೀಯ."

"ಏನೂ ಮುಟ್ಟಿಲ್ಲ ಅಕ್ಕಾ. ಅವತ್ತು ತಪ್ಪಿದ್ದು ನನ್ನ ಹಾರ್ಮೋನಿಯಂ. ನಿನ್ನ ತಲೆಗೆ ಕಟ್ಟಿದೆ."

ಹಾಡು ಮುಗಿಯುವವರೆಗೂ ಅವಳು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಮಗುನ ಮಲಗಿಸೋವಾಗ ನಾನು ಹಾಡ್ತಾನೇ ಇರ್ಲಿಲ್ಲ ಕಣೋ," ಎಂದಳು ಕೊನೆಗೆ. "ಅದರ ಕಿವಿ ಕೆಟ್ಟೀತು ಅಂತ. ಬರೀ ಬೆನ್ನು ತಟ್ತಿದ್ದೆ."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹಾರ್ಮೋನಿಯಂ ತೆಗೆದುಬಿಡ್ತೀನಿ," ಎಂದ.

"ಬೇಡ, ಇರ್ಲಿ. ಅವತ್ತು ನನ್ನ ದನಿ ಯಾರಿಗೂ ಕೇಳಿಸ್ಲಿಲ್ಲ. ಇವತ್ತು ನಿಂದು ಕೇಳಿಸ್ಲಿ."

ಹೇಳಿದ ದನಿಯಲ್ಲಿ ಸಿಟ್ಟಿತ್ತೋ ತಮಾಷೆಯಿತ್ತೋ, ಇಷ್ಟು ವರ್ಷ ಕೇಳುವುದನ್ನೇ ಕಸುಬು ಮಾಡಿಕೊಂಡವನಿಗೂ ತಿಳಿಯಲಿಲ್ಲ. ಹಾರ್ಮೋನಿಯಂ ಇದ್ದ ಹಾಗೆಯೇ ಇರಲೆಂದು ಬಿಟ್ಟು, ಇನ್ನೊಂದು ಸಲ ಬೇಕೆಂದು ಅವಳು ಕೇಳಿದ್ದಕ್ಕೆ ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದ.