ಕಾಯೊಳಗಿನ ನೀರು ಎಲ್ಲಿಗೆ ಹೋಯ್ತು?

ಫ್ರೆಂಡ್ಸ್, ನಿಮ್ಮಲ್ಲಿ ಸೈನ್ಸ್ ಮೇಷ್ಟ್ರು ಯಾರಾದ್ರೂ ಇದ್ರೆ ಬೇಗ ಹೇಳ್ರಪ್ಪ. ನಾಳೆ ಬೆಳಿಗ್ಗೆ ತಿಪಟೂರಲ್ಲಿ ನನಗೆ ಸರ್ಕಾರಿ ಕೆಲಸದ ಪರೀಕ್ಷೆ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತೆ, ಇದೇ ಕೊನೇದು.

ಮಗಳ ಹಳೇ ವಿಜ್ಞಾನದ ಪುಸ್ತಕಗಳನ್ನೆಲ್ಲ ಹರಡಿಕೊಂಡು ಬೆಳಿಗ್ಗೆಯಿಂದ ಉರು ಹೊಡೀತಿದ್ದೆ. "ದ್ರವ ತೆರೆದ ಮೇಲ್ಮೈಯಿಂದ ಆವಿಯಾಗುತ್ತದೆ" ಅಂತ ಜೋರಾಗಿ ಹೇಳ್ಕೊಂಡೆ. ಪಕ್ಕದಲ್ಲೇ ಚಿಪ್ಪು ಒಡೆದು ಕೊಬ್ಬರಿ ತೆಗೀತಿದ್ದ ನಮ್ಮತ್ತೆ ಕತ್ತೆತ್ತಿದ್ರು. ವರ್ಷದಿಂದ ಅಟ್ಟದ ಮೇಲಿದ್ದ ಒಂದು ಕಾಯಿ ತಗೊಂಡು ನನ್ನ ಕಿವಿ ಹತ್ರ ಅಲ್ಲಾಡಿಸಿದ್ರು. ಒಳಗೆ ಒಣಗಿದ ಕೊಬ್ಬರಿ ಗಡಗಡ ಅಂತು.

"ಇದ್ರೊಳಗಿನ ನೀರು ಎತ್ಲಾಗೆ ಹೋಯ್ತು ಹೇಳು ಮತ್ತೆ. ಇದೇನು ತೆರೆದಿತ್ತಾ?"

ಭೌತಶಾಸ್ತ್ರ ಹುಡುಕಿದೆ, ರಸಾಯನಶಾಸ್ತ್ರ ಹುಡುಕಿದೆ, ಜೀವಶಾಸ್ತ್ರದಲ್ಲೂ ಸಿಗಲಿಲ್ಲ. ಹುಟ್ಟಿದಾಗಿಂದ ಕೊಬ್ಬರಿ ತಿಂದೋಳು ನಾನು, ಒಂದಿನವೂ ಇದು ಹೊಳೆದಿರಲಿಲ್ಲ. ಈಗ ಬಾಯಿಪಾಠ ಆಗಿದ್ದೂ ಮರೆತು ಹೋಗ್ತಿದೆ. ಅಂಗೈ ಬೆವರು ಮಾತ್ರ ಆವಿಯಾಗ್ತಿಲ್ಲ.

ನನ್ನ ಮುಖ ನೋಡಿ ಅತ್ತೇನೇ ಸಮಾಧಾನ ಮಾಡಿದ್ರು: "ಹೆದರಬ್ಯಾಡ ಬುಡು ಕಣೇ, ನಾಳೆ ಇದನ್ನ ಕೇಳಾಕಿಲ್ಲ. ಕೇಳೋರಿಗೂ ಉತ್ತರ ಗೊತ್ತಿರಬೇಕಲ್ಲ!"