ಒದ್ದು ಕಣ್ಣಿಗೊತ್ತಿಕೊಂಡ ಪುಂಡ

ಅರಬರ ನಾಡಿನ ಬರ್ಕಾ ಪೇಟೆಯಲ್ಲಿ ಗಾಡಿಗಳ ಸ್ಪೇರ್‌ಪಾರ್ಟ್ಸ್ ಅಂಗಡಿ ನೋಡಿಕೊಳ್ಳುವ ಸೇಸಪ್ಪಣ್ಣ ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರ ಮೇಲೂ ದನಿ ಎತ್ತಿದವರಲ್ಲ. ಗಿರಾಕಿ ತಾನೇ ತಪ್ಪು ಫಿಲ್ಟರ್ ಕೊಂಡುಹೋಗಿ, ಎಣ್ಣೆ ಮೆತ್ತಿಸಿ ವಾಪಸ್ ತಂದು ಕೂಗಾಡಿದರೂ ನಗುತ್ತಲೇ ಹೊಸದು ತೆಗೆದುಕೊಡುವ ಜೀವ. ಅಂಥವರನ್ನು ಹಿಡಿದು ಪುಂಡರ ನಾಯಕನನ್ನಾಗಿ ಮಾಡಲು ಹೊರಟದ್ದು ಬೇರೆ ಯಾರೂ ಅಲ್ಲ, ಅವರದೇ ಮಗಳು, ಹದಿನಾರರ ತೃಷಾ.

ಇಂಗ್ಲೆಂಡಿನ ಕಡೆ ಫುಟ್‌ಬಾಲ್ ತಂಡದ ಹೆಸರು ಹೇಳಿಕೊಂಡು ಬೀದಿಯಲ್ಲಿ ಹೊಡೆದಾಡುವ ಪುಂಡರಿದ್ದಾರಲ್ಲ, ಅವರನ್ನು ಗೇಲಿ ಮಾಡುವ ಹತ್ತು ನಿಮಿಷದ ಸಿನಿಮಾ. ಊರವರ ಸಂಘದ ಕಿರುಚಿತ್ರ ಸ್ಪರ್ಧೆಗೆಂದು ತೃಷಾಳೇ ಬರೆದದ್ದು. ಎರಡು ಗುಂಪುಗಳು ಮೈದಾನದಲ್ಲಿ ಬಡಿದಾಡುತ್ತವೆ, ಇಡೀ ಚಿತ್ರದಲ್ಲಿ ಚೆಂಡೊಂದು ಮಾತ್ರ ಇಲ್ಲ! ನಾಯಕನಾಗಬೇಕಿದ್ದ ವಿಶಾಲ್‌ಗೆ ಕಂಪನಿ ಶೂಟಿಂಗ್ ಇಟ್ಟುಕೊಂಡಿದ್ದ ಶುಕ್ರವಾರವೇ ದೂರದ ಇಬ್ರಿಯಲ್ಲಿ ಡ್ಯೂಟಿ ಹಾಕಿಬಿಟ್ಟಿತು. ಶನಿವಾರ ಚಿತ್ರ ಕಳಿಸಲು ಕೊನೆಯ ದಿನ.

"ಪಪ್ಪ, ನೀವು ಮಾಡ್ತೀರಾ? ಪ್ಲೀಸ್."

ಮಗಳು ಹೀಗೆ ಎದುರು ನಿಂತು ಏನನ್ನಾದರೂ ಕೇಳಿ ಎರಡು ವರ್ಷವಾಗಿತ್ತು. ಅವಳ ಮಾತುಕತೆಯೆಲ್ಲ ಫೋನಿನ ಜೊತೆ. ನಡೆಯುವಾಗ ಅಪ್ಪನಿಗೆ ಕಾಲು ತಾಗಿದರೂ "ಸಾರಿ" ಎಂದು ತಲೆ ಎತ್ತದೆ ಹೋಗುವವಳು. "ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೆ" ಎಂದು ತಾಯಿ ಸೌಮ್ಯಶ್ರೀ ಗದರಿದರೆ, "ಸಾರಿ ಹೇಳಿದೆನಲ್ಲ, ಅಮ್ಮಾ!" ಅಂಥವಳು ಬಾಯಿಬಿಟ್ಟು ಕೇಳಿದಾಗ ಸೇಸಪ್ಪಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಜೊತೆಗೇ ಒಂದು ಅಂಜಿಕೆ. ತನ್ನ ದೆಸೆಯಿಂದ ಇವಳ ಸಿನಿಮಾ ಹಾಳಾಗಬಾರದು, ಅಷ್ಟೇ.

ಎದುರು ಗುಂಪಿನ ನಾಯಕ ಅವರ ಹಳೆಯ ಗೆಳೆಯ, ಇನ್ಶೂರೆನ್ಸ್ ಆಫೀಸಿನ ಫೌಸ್ಟಿನ್. ಶುಕ್ರವಾರ ಸಂಜೆ ಮೈದಾನದಲ್ಲಿ ತೃಷಾ ಕ್ಯಾಮೆರಾ ಹಿಡಿದು "ಆಕ್ಷನ್" ಎಂದಳು. ಸೇಸಪ್ಪಣ್ಣ ಅಬ್ಬರಿಸಿ ಓಡಿಬಂದರು, ಫೌಸ್ಟಿನ್‌ನ ಮೊಣಕಾಲಿಗೆ ಒಂದು ಒದೆ ಕೊಟ್ಟರು. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಬಗ್ಗಿ, ಒದ್ದ ಜಾಗವನ್ನೇ ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

"ಕಟ್! ಪಪ್ಪ, ನೀವು ಪುಂಡ! ಪುಂಡರು ಹಾಗೆಲ್ಲ ಮಾಡುದಿಲ್ಲ!"

"ಎಂತ ಮಾರಾಯ, ಒದೆಯುವುದೂ ನನಗೆ, ನಮಸ್ಕಾರವೂ ನನಗೆ?" ಎಂದ ಫೌಸ್ಟಿನ್.

ಬೇಕೆಂದು ಮಾಡಿದ್ದಲ್ಲ, ಪಾಪ. ಕಾಲು ತಾಗಿದರೆ ಕೈ ತನ್ನಷ್ಟಕ್ಕೆ ಹೋಗುತ್ತದೆ, ಐವತ್ತು ವರ್ಷದ ಅಭ್ಯಾಸ. ಎರಡನೆಯ ಸಲವೂ ಅದೇ. ಮೂರನೆಯ ಸಲ ಕೈಗಳನ್ನು ಕಿಸೆಗೆ ತುರುಕಿ ಒದ್ದರು, ಆಯ ತಪ್ಪಿ ಮುಗ್ಗರಿಸಿ ಬಿದ್ದರು. ಕೊನೆಗೆ ತೃಷಾ ಎರಡೂ ಕೈಗೆ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಟ್ಟಳು, ಈಗ ಹೇಗೆ ಮುಟ್ಟುತ್ತೀರಿ ನೋಡೋಣ ಎಂಬಂತೆ. ಸೇಸಪ್ಪಣ್ಣ ಒದ್ದರು. ಕುರ್ಚಿಯನ್ನು ಮೆಲ್ಲಗೆ ಕೆಳಗಿಟ್ಟರು. ಮುಟ್ಟಿದರು, ಕಣ್ಣಿಗೊತ್ತಿಕೊಂಡರು.

ಅಷ್ಟರಲ್ಲಿ ಮಸೀದಿಯಿಂದ ಮುಸ್ಸಂಜೆಯ ಮಗ್ರಿಬ್ ಬಾಂಗ್ ಕೇಳಿಸಿತು, ಬೆಳಕೂ ಹೋಯಿತು.

"ಮುಂದಿನ ವಾರ ವಿಶಾಲ್ ಬರುತ್ತಾನಲ್ಲ ಮಗಾ?" ಎಂದು ಕಾರಿನಲ್ಲಿ ಕೇಳಿದರು.

"ನಾಳೆ ಲಾಸ್ಟ್ ಡೇಟ್ ಪಪ್ಪ. ಖಲಾಸ್." ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಒಂದು ಒದೆ ಒದೆಯಲು ಬಾರದ ತನ್ನ ಮೇಲೆ ಸೇಸಪ್ಪಣ್ಣನಿಗೆ ಜೀವಮಾನದಲ್ಲಿ ಬಾರದಷ್ಟು ಸಿಟ್ಟು ಬಂತು.

ಮುಂದಿನ ಶುಕ್ರವಾರ ಮಧ್ಯಾಹ್ನ ಸಂಘದ ಹಾಲ್‌ನಲ್ಲಿ ಪ್ರದರ್ಶನ. ಸೇಸಪ್ಪಣ್ಣ ಬರುವುದೇ ಬೇಡವೆಂದಿದ್ದರು, ಸೌಮ್ಯಶ್ರೀ ಎಳೆದುಕೊಂಡು ಬಂದಿದ್ದಳು. ಪರದೆಯ ಮೇಲೆ ದಪ್ಪ ಅಕ್ಷರ ಮೂಡಿತು: 'ಬರ್ಕಾದ ಅತಿ ಡೇಂಜರ್ ಮನುಷ್ಯ'. ಆಮೇಲೆ ಒದೆ, ನಮಸ್ಕಾರ. ಒದೆ, ನಮಸ್ಕಾರ. ಮುಗ್ಗರಿಸಿದ್ದು, ಕುರ್ಚಿ ಇಟ್ಟದ್ದು, ಅಯ್ಯೋ, ಒಂದನ್ನೂ ಬಿಟ್ಟಿರಲಿಲ್ಲ ಹುಡುಗಿ! ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು, ಸಿಳ್ಳೆ ಹೊಡೆಯಿತು. ಸೇಸಪ್ಪಣ್ಣ ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ ಇಷ್ಟೇ ಇಷ್ಟಾದರು. ಎದ್ದು ಹೋಗೋಣವೆಂದರೆ ಸಾಲಿನ ನಡುವೆ ಸಿಕ್ಕಿಬಿದ್ದಿದ್ದರು.

ತೃಷಾಳನ್ನು ವೇದಿಕೆಗೆ ಕರೆದು, ಇಷ್ಟು ಒಳ್ಳೆಯ ಐಡಿಯಾ ಎಲ್ಲಿಂದ ಬಂತೆಂದು ಕೇಳಿದರು. ನಾಲ್ಕು ಜನರೆದುರು ಇಂಗ್ಲಿಷ್ ಬಿಟ್ಟು ಬಾಯಿ ತೆರೆಯದ ಹುಡುಗಿ ತಡವರಿಸಿ ಕನ್ನಡದಲ್ಲೇ ಹೇಳಿದಳು: "ಐಡಿಯಾ ನನ್ನದಲ್ಲ. ನಮ್ಮ ಪಪ್ಪ ಇರುವುದೇ ಹಾಗೆ. ಆ ದಿನ ನನಗೆ ಕೋಪ ಬಂದಿತ್ತು. ರಾತ್ರಿ ಎಡಿಟ್ ಮಾಡುವಾಗ ನೋಡ್ತಾ ನೋಡ್ತಾ ಅಳು ಬಂತು."

ಚಪ್ಪಾಳೆಯ ನಡುವೆ ತನ್ನ ಜಾಗಕ್ಕೆ ಬರುವಾಗ, ಇಕ್ಕಟ್ಟಿನ ಸಾಲಿನಲ್ಲಿ ಅವಳ ಶೂ ಅಪ್ಪನ ಪಾದದ ಮೇಲೆ ಬಿತ್ತು. ತೃಷಾ ಸಾರಿ ಎನ್ನಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

ಸೇಸಪ್ಪಣ್ಣ ಅವಳ ತಲೆಯ ಮೇಲೆ ಕೈಯಿಟ್ಟರು. ಆದರೂ ಬಿಟ್ಟಾರೆಯೇ?

"ಪುಂಡರು ಹಾಗೆಲ್ಲ ಮಾಡುದಿಲ್ಲ ಮಗಾ," ಎಂದರು.